ಅಮೆರಿಕದ ಶಾಲೆಯ ರಾಜ್ಯ ಪರೀಕ್ಷೆ: ಮೂರರಿಂದ ಎಂಟನೇ ಗ್ರೇಡ್ ಮಕ್ಕಳ ಅಪ್ಪ ಅಮ್ಮಂದಿರಿಗೆ

ಮಗಳ ಮೂರನೇ ಗ್ರೇಡಿನ ರಾಜ್ಯ ಪರೀಕ್ಷೆಯ ಫಲಿತಾಂಶ ಬಂದ ದಿನ ಶಿವಮೊಗ್ಗದಿಂದ ಅಮ್ಮ ವಿಡಿಯೋ ಕಾಲ್ ಮಾಡಿದ್ದರು. ‘ಎಷ್ಟಕ್ಕೆ ಎಷ್ಟು ಬಂತೇ?’ ಎಂದು ಕೇಳಿದರು. ಇಂಗ್ಲಿಷಿನಲ್ಲಿ 2451 ಅಂದೆ. ‘ಅದು ಸರಿ, ಎಷ್ಟಕ್ಕೆ?’ ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಎಷ್ಟು ಎಂದು ಕೇಳಿಸಿಕೊಂಡು ಬೆಳೆದವಳು ನಾನು. ಕೈಯಲ್ಲಿದ್ದ ಕಾಗದದಲ್ಲಿ ‘ಇಷ್ಟಕ್ಕೆ’ ಎನ್ನುವ ಸಂಖ್ಯೆಯೇ ಇರಲಿಲ್ಲ.

ಆಮೇಲೆ ಎರಡು ಮಕ್ಕಳ ವರದಿಗಳನ್ನು ವರ್ಷ ವರ್ಷ ನೋಡಿದ್ದೇನೆ. ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ಎಷ್ಟೋ ಕನ್ನಡದ ಮನೆಗಳಲ್ಲಿ ಕಾಫಿ ಲೋಟ ಪಕ್ಕಕ್ಕಿಟ್ಟು ಇದೇ ಕಾಗದ ಬಿಡಿಸಿ ಕೂತಿದ್ದೇನೆ. ಎಲ್ಲರ ಗಾಬರಿಯೂ ಹೆಚ್ಚು ಕಡಿಮೆ ಒಂದೇ. ನಮ್ಮ ತಲೆಯಲ್ಲಿ ಊರಿನ ಪಬ್ಲಿಕ್ ಪರೀಕ್ಷೆ ಕೂತಿರುತ್ತದೆ. ಪಾಸು, ಫೇಲು, ರ‍್ಯಾಂಕು. ಈ ಪರೀಕ್ಷೆ ಆ ಜಾತಿಯದಲ್ಲ. ಇದನ್ನು ಮಗುವಿನ ಎತ್ತರ ನೋಡಲು ಬಾಗಿಲ ಚೌಕಟ್ಟಿನ ಮೇಲೆ ಹಾಕುವ ಗೆರೆಯ ಹಾಗೆ ಓದಬೇಕು. ಅದನ್ನು ಓದುವ ಬಗೆಯನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ.

ಹೆಜ್ಜೆ 1: ನಿಮ್ಮ ರಾಜ್ಯದ ಪರೀಕ್ಷೆ ಯಾವುದು ಎಂದು ತಿಳಿಯಿರಿ

ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಬೋರ್ಡ್ ಇಲ್ಲ. ಒಂದೇ ಆಗಿರುವುದು ಕಾನೂನು. 2002ರಲ್ಲಿ ಜಾರಿಗೆ ಬಂದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ, ಮೂರರಿಂದ ಎಂಟನೇ ಗ್ರೇಡ್‌ವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆ ನಡೆಸಬೇಕು ಎಂದಿತು. 2015ರ ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ ‘ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್’ ಕಾಯ್ದೆ ಬಂತು. ಶಾಲೆಗಳ ಮೇಲಿನ ಬಿಗಿ ಸ್ವಲ್ಪ ಸಡಿಲವಾಯಿತು, ಪರೀಕ್ಷೆ ಹಾಗೇ ಉಳಿಯಿತು. ವಿಜ್ಞಾನ ಪ್ರತಿ ವರ್ಷ ಇರುವುದಿಲ್ಲ. ಎಲಿಮೆಂಟರಿಯಲ್ಲಿ ಒಮ್ಮೆ, ಮಿಡಲ್ ಸ್ಕೂಲಿನಲ್ಲಿ ಒಮ್ಮೆ. ಬಹಳ ಕಡೆ ಅದು 5 ಮತ್ತು 8ನೇ ಗ್ರೇಡಿಗೆ ಬೀಳುತ್ತದೆ. ಕೋವಿಡ್ ಬಂದ 2020ರ ವಸಂತದಲ್ಲಿ ಮಾತ್ರ ಕೇಂದ್ರ ಸರ್ಕಾರ ಪರೀಕ್ಷೆಗೆ ವಿನಾಯಿತಿ ಕೊಟ್ಟಿತ್ತು.

ಪರೀಕ್ಷೆ ಹೇಗಿರಬೇಕು ಎನ್ನುವುದು ರಾಜ್ಯಕ್ಕೆ ಬಿಟ್ಟದ್ದು. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ‘ಕ್ಯಾಸ್ಪ್’ ಅನ್ನುತ್ತಾರೆ. ಅದರೊಳಗಿನ ಇಂಗ್ಲಿಷ್ ಮತ್ತು ಗಣಿತದ ಪರೀಕ್ಷೆಯ ಹೆಸರು ‘ಸ್ಮಾರ್ಟರ್ ಬ್ಯಾಲೆನ್ಸ್ಡ್’. ವಾಷಿಂಗ್ಟನ್ ರಾಜ್ಯದಲ್ಲೂ ಅದೇ ಪರೀಕ್ಷೆ. ಟೆಕ್ಸಾಸ್‌ನಲ್ಲಿ ‘ಸ್ಟಾರ್’. ಆದರೆ ಅಲ್ಲಿ 2025ರಲ್ಲಿ ಹೊಸ ಕಾನೂನು ಆಗಿದೆ. 2027–28ರಿಂದ ಸ್ಟಾರ್ ಬದಲು ವರ್ಷಕ್ಕೆ ಮೂರು ಚಿಕ್ಕ ಪರೀಕ್ಷೆಗಳು ಬರಲಿವೆ. ಫ್ಲಾರಿಡಾದ ‘ಫಾಸ್ಟ್’ 2022–23ರಿಂದಲೇ ವರ್ಷಕ್ಕೆ ಮೂರು ಸಲ ನಡೆಯುತ್ತಿದೆ. ನ್ಯೂಜೆರ್ಸಿಯಲ್ಲಿ ‘ಎನ್‌ಜೆಎಸ್‌ಎಲ್‌ಎ’, ಮ್ಯಾಸಚೂಸೆಟ್ಸ್‌ನಲ್ಲಿ ‘ಎಂಕ್ಯಾಸ್’. ಹೆಸರು ಗೊತ್ತಾದರೆ ನಿಮ್ಮ ರಾಜ್ಯದ ಶಿಕ್ಷಣ ಇಲಾಖೆಯ ವೆಬ್‌ಸೈಟಿನಲ್ಲಿ ಉಳಿದದ್ದೆಲ್ಲ ಸಿಗುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ಮಗು ಮನೆಗೆ ಬಂದು ‘ಇವತ್ತು ಮ್ಯಾಪ್ ಟೆಸ್ಟ್ ಇತ್ತು’, ‘ಐ-ರೆಡಿ ಮಾಡಿದೆವು’ ಅಂದರೆ ಅದು ರಾಜ್ಯ ಪರೀಕ್ಷೆ ಅಲ್ಲ. ಸಾಮಾನ್ಯವಾಗಿ ಅವು ಶಾಲೆಯೋ ಡಿಸ್ಟ್ರಿಕ್ಟೋ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ವರ್ಷದ ನಡುವೆ ಕಲಿಕೆ ನೋಡಲು ಬಳಸುವ ಸಾಧನಗಳು. ‘ಕಾಗ್ಯಾಟ್’ ಎಂಬ ಪರೀಕ್ಷೆಯನ್ನು ಹೆಚ್ಚಾಗಿ ‘ಗಿಫ್ಟೆಡ್’, ಅಂದರೆ ಕಲಿಕೆಯಲ್ಲಿ ತುಂಬ ಮುಂದಿರುವ ಮಕ್ಕಳ ಕಾರ್ಯಕ್ರಮಕ್ಕೆ ಮಕ್ಕಳನ್ನು ಆರಿಸಲು ಬಳಸುತ್ತಾರೆ. ಇನ್ನು 4 ಮತ್ತು 8ನೇ ಗ್ರೇಡಿನ ಕೆಲವು ಮಕ್ಕಳಿಗೆ ಮಾತ್ರ ಕೊಡುವ ‘ನೇಪ್’ ಎಂಬ ರಾಷ್ಟ್ರೀಯ ಪರೀಕ್ಷೆ ಇದೆ. ಅದರಲ್ಲಿ ಒಂದೊಂದು ಮಗುವಿಗೆ ಬೇರೆ ಅಂಕ ಬರುವುದೇ ಇಲ್ಲ, ಕಾಯಬೇಡಿ.

ಹೆಜ್ಜೆ 2: ‘ಮನೆಯ ಭಾಷೆ’ ಫಾರಂನಲ್ಲಿ ಏನು ಬರೆಯಬೇಕು

ಶಾಲೆಗೆ ಸೇರಿಸುವಾಗ ಒಂದು ಚಿಕ್ಕ ಫಾರಂ ಕೊಡುತ್ತಾರೆ. ಮಗು ಮೊದಲು ಕಲಿತ ಮಾತು ಯಾವುದು, ಮನೆಯಲ್ಲಿ ಜಾಸ್ತಿ ಯಾವ ಭಾಷೆ ಆಡುತ್ತೀರಿ ಎಂದೆಲ್ಲ ಕೇಳಿರುತ್ತಾರೆ. ನಮ್ಮವರು ಪೆನ್ನು ಹಿಡಿದು ಯೋಚಿಸುತ್ತಾ ನಿಲ್ಲುವುದು ಇಲ್ಲೇ. ‘ಕನ್ನಡ ಅಂತ ಬರೆದರೆ ಮಗುವನ್ನು ಇಂಗ್ಲಿಷ್ ಬಾರದವರ ಗುಂಪಿಗೆ ಹಾಕುತ್ತಾರಂತೆ, ಸುಮ್ನೆ ಇಂಗ್ಲಿಷ್ ಅಂತ ಬರೆದುಬಿಡಿ’ ಎಂದು ಯಾರೋ ಹೇಳಿರುತ್ತಾರೆ.

ಆಗುವುದು ಇಷ್ಟು. ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಒಂದು ಪರೀಕ್ಷೆ ಮಾಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ‘ಎಲ್ಪ್ಯಾಕ್’. ಬಹಳಷ್ಟು ಬೇರೆ ರಾಜ್ಯಗಳಲ್ಲಿ ‘ವೀಡಾ’ ಎಂಬ ಒಕ್ಕೂಟದ ಪರೀಕ್ಷೆ. ಚೆನ್ನಾಗಿ ಬರುವ ಮಗು ಅಲ್ಲಿಗೇ ಹೊರಗೆ ಬರುತ್ತದೆ. ಬಾರದಿದ್ದರೆ ಶಾಲೆ ಇಂಗ್ಲಿಷ್ ಕಲಿಸುವ ಹೆಚ್ಚಿನ ನೆರವು ಕೊಡಲೇಬೇಕು, ಮತ್ತು ಪ್ರತಿ ವರ್ಷ ಮತ್ತೆ ಅಳೆಯಬೇಕು. ಆ ಗುಂಪಿನಿಂದ ಹೊರಬರಲು ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ವಿಷಯ ನೋಡುತ್ತಾರೆ: ಎಲ್ಪ್ಯಾಕ್‌ನಲ್ಲಿ ಒಟ್ಟು 4ನೇ ಲೆವೆಲ್, ಟೀಚರ್ ಅಭಿಪ್ರಾಯ, ಅಪ್ಪ ಅಮ್ಮನ ಅಭಿಪ್ರಾಯ, ಮತ್ತು ಇಂಗ್ಲಿಷ್ ಮಾತೃಭಾಷೆಯ ಅದೇ ವಯಸ್ಸಿನ ಮಕ್ಕಳ ಜೊತೆ ಹೋಲಿಕೆ. ನಿಮ್ಮನ್ನು ಕರೆದು ಕೇಳಿದಾಗ ತಪ್ಪದೆ ಹೋಗಿ.

ನನ್ನ ಸಲಹೆ ನೇರ. ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಬೆಂಗಳೂರಿನಿಂದ ನಾಲ್ಕನೇ ಗ್ರೇಡಿಗೆ ಬಂದ ಹುಡುಗನೊಬ್ಬನ ಮನೆಯವರು ಇಂಗ್ಲಿಷ್ ಎಂದು ಬರೆದಿದ್ದರು. ಅವನಿಗೆ ಇಂಗ್ಲಿಷ್ ಮೀಡಿಯಂ ಇಂಗ್ಲಿಷ್ ಬರುತ್ತಿತ್ತು. ಆದರೆ ಇಲ್ಲಿನ ಟೀಚರ್ ವೇಗವಾಗಿ ಮಾತಾಡಿದರೆ ಅರ್ಧ ತಪ್ಪಿಹೋಗುತ್ತಿತ್ತು. ಸಿಗಬೇಕಾಗಿದ್ದ ನೆರವು ಸಿಗದೆ ಒಂದು ವರ್ಷ ಒಬ್ಬನೇ ತಿಣುಕಿದ. ಇನ್ನೊಂದು ವಿಷಯ ಇದೆ. ದೇಶಕ್ಕೆ ಬಂದು 12 ತಿಂಗಳೂ ಆಗದ, ಇಂಗ್ಲಿಷ್ ಕಲಿಯುತ್ತಿರುವ ಮಗುವಿಗೆ ಒಂದು ಸಲದ ಇಂಗ್ಲಿಷ್ ರಾಜ್ಯ ಪರೀಕ್ಷೆಯಿಂದ ವಿನಾಯಿತಿ ಕೊಡಲು ಕೇಂದ್ರ ಕಾನೂನು ರಾಜ್ಯಗಳಿಗೆ ಅವಕಾಶ ಕೊಟ್ಟಿದೆ. ಫಾರಂನಲ್ಲಿ ಇಂಗ್ಲಿಷ್ ಎಂದು ಬರೆದರೆ ಆ ಬಾಗಿಲೂ ಮುಚ್ಚುತ್ತದೆ.

ಮನೆಯಲ್ಲಿ ಕನ್ನಡ ಆಡುವುದನ್ನು ಮಾತ್ರ ಪರೀಕ್ಷೆಯ ಹೆದರಿಕೆಗೆ ನಿಲ್ಲಿಸಬೇಡಿ. ಯಾಕೆ ಎಂದು ನಾಲ್ಕನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಹೆಜ್ಜೆ 3: ಈ ಅಂಕದಿಂದ ಏನು ತೀರ್ಮಾನ ಆಗುತ್ತದೆ ಎಂದು ಕೇಳಿ

ಬಹಳ ಕಡೆ ಮುಂದಿನ ಕ್ಲಾಸಿಗೆ ಹೋಗುವುದು ಈ ಪರೀಕ್ಷೆಯ ಮೇಲೆ ನಿಂತಿಲ್ಲ. ಶಾಲೆಯ ರಿಪೋರ್ಟ್ ಕಾರ್ಡಿಗೂ ಇದು ಸೇರುವುದಿಲ್ಲ. ಆದರೆ ಎಲ್ಲ ಕಡೆ ಹಾಗಲ್ಲ. ಫ್ಲಾರಿಡಾದಲ್ಲಿ ಮೂರನೇ ಗ್ರೇಡಿನ ಓದಿನ ಪರೀಕ್ಷೆಯಲ್ಲಿ ಐದು ಲೆವೆಲ್‌ಗಳಲ್ಲಿ ಕನಿಷ್ಠ ಎರಡನೆಯದು ಬರಬೇಕು. ಬಾರದಿದ್ದರೆ, ಕಾನೂನು ಹೇಳಿರುವ ಕೆಲವು ವಿನಾಯಿತಿಗಳನ್ನು ಬಿಟ್ಟು, ಮಗು ಅದೇ ಗ್ರೇಡಿನಲ್ಲಿ ಉಳಿಯುತ್ತದೆ. ಟೆಕ್ಸಾಸ್‌ನಲ್ಲೂ ಹಿಂದೆ 5 ಮತ್ತು 8ನೇ ಗ್ರೇಡಿಗೆ ಇಂಥ ನಿಯಮ ಇತ್ತು, 2021ರಲ್ಲಿ ತೆಗೆದರು. ಹಾಗಾಗಿ ಬೇರೆ ರಾಜ್ಯದ ಸ್ನೇಹಿತರ ಮಾತು ಕೇಳಿ ತೀರ್ಮಾನಕ್ಕೆ ಬರಬೇಡಿ.

ಮಿಡಲ್ ಸ್ಕೂಲಿನಲ್ಲಿ ಗಣಿತದ ಮುಂದಿನ ತರಗತಿ ಆರಿಸುವಾಗ ಕೆಲವು ಡಿಸ್ಟ್ರಿಕ್ಟ್‌ಗಳು ಈ ಸ್ಕೋರನ್ನೂ ನೋಡುತ್ತವೆ. ನೋಡುತ್ತಾರೋ ಇಲ್ಲವೋ, ಜೊತೆಗೆ ಇನ್ನೇನು ನೋಡುತ್ತಾರೆ ಎಂದು ಐದನೇ ಗ್ರೇಡಿನಲ್ಲೇ ಕೌನ್ಸೆಲರ್‌ಗೆ ಇಮೇಲ್ ಹಾಕಿ ಕೇಳಿ. ಎಂಟರಲ್ಲಿ ಕೇಳಿದರೆ ತಡವಾಗಿರುತ್ತದೆ.

ಪರೀಕ್ಷೆ ಬೇಡ ಅನ್ನಬಹುದಾ? ಕ್ಯಾಲಿಫೋರ್ನಿಯಾದಲ್ಲಿ ಅಪ್ಪ ಅಮ್ಮ ಲಿಖಿತವಾಗಿ ಕೇಳಿದರೆ ಮಗುವನ್ನು ಬಿಡಬೇಕು ಎಂದು ಕಾನೂನೇ ಇದೆ. ನ್ಯೂಯಾರ್ಕ್ ರಾಜ್ಯದಲ್ಲಿ 2015ರಲ್ಲಿ ಸುಮಾರು ಐದರಲ್ಲಿ ಒಂದು ಮಗು ಪರೀಕ್ಷೆಗೆ ಕೂರಲಿಲ್ಲ, ಅದೊಂದು ದೊಡ್ಡ ಚಳವಳಿಯೇ ಆಗಿತ್ತು. ನಾನು ನನ್ನ ಮಕ್ಕಳನ್ನು ಬಿಡಿಸಿಲ್ಲ. ಆ ಮಾಹಿತಿ ನನಗೆ ಬೇಕು ಅನ್ನಿಸುತ್ತದೆ. ಆದರೆ ಪರೀಕ್ಷೆ ಅಂದರೆ ವಾಂತಿ ಮಾಡಿಕೊಳ್ಳುವಷ್ಟು ಹೆದರುವ ಮಗು ಮನೆಯಲ್ಲಿದ್ದರೆ ಇಂಥ ದಾರಿ ಇದೆ ಎಂದು ಗೊತ್ತಿರಲಿ.

ಓದಲು ಕಷ್ಟಪಡುವ, ಗಮನ ನಿಲ್ಲದ, ಕಿವಿಯೋ ಕಣ್ಣೋ ದುರ್ಬಲ ಇರುವ ಮಕ್ಕಳ ವಿಷಯ ಬೇರೆ. ಅವರಿಗೆ ‘ಐಇಪಿ’ (ವಿಶೇಷ ಶಿಕ್ಷಣ ಬೇಕಾದ ಮಗುವಿಗೆ ಶಾಲೆ ಬರೆದು ಮಾಡುವ ಯೋಜನೆ) ಅಥವಾ ‘504 ಪ್ಲಾನ್’ (ಇಂಥ ತೊಂದರೆ ಇರುವ ಮಗುವಿಗೆ ಶಾಲೆಯಲ್ಲಿ ಕೊಡುವ ಅನುಕೂಲಗಳ ಯೋಜನೆ) ಇದ್ದರೆ ಪರೀಕ್ಷೆಯಲ್ಲೂ ಅನುಕೂಲ ಸಿಗುತ್ತದೆ: ಪ್ರತ್ಯೇಕ ಕೋಣೆ, ನಡುನಡುವೆ ವಿರಾಮ, ಪ್ರಶ್ನೆ ಓದಿ ಹೇಳುವ ವ್ಯವಸ್ಥೆ. ಇವೆಲ್ಲ ಮೊದಲೇ ದಾಖಲೆಯಲ್ಲಿ ಇರಬೇಕು, ಪರೀಕ್ಷೆಯ ಹಿಂದಿನ ವಾರ ಕೇಳಿದರೆ ಆಗುವುದಿಲ್ಲ. ‘ಜನ ಏನಂದುಕೊಳ್ಳುತ್ತಾರೋ’ ಎಂದು ನಮ್ಮವರು ಇದನ್ನು ಕೇಳುವುದೇ ಇಲ್ಲ. ದಯವಿಟ್ಟು ಕೇಳಿ. ಶಾಲೆ ಶುರುವಾದ ಒಂದೆರಡು ತಿಂಗಳಲ್ಲೇ ಕೇಳಿ.

ಹೆಜ್ಜೆ 4: ತಯಾರಿ ಎಷ್ಟು, ಹೇಗೆ

ಮೂರನೇ ಗ್ರೇಡಿನ ಮಗುವಿಗೆ ಇದಕ್ಕೆಂದೇ ಕೋಚಿಂಗ್ ಬೇಡ. ಇದು ನನ್ನ ಗಟ್ಟಿ ಅಭಿಪ್ರಾಯ. ಬೇಕಾದದ್ದು ಮೂರು ಸಣ್ಣ ಅಭ್ಯಾಸಗಳು.

ಒಂದು, ಪರದೆಯ ಪರಿಚಯ. ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಸ್ಮಾರ್ಟರ್ ಬ್ಯಾಲೆನ್ಸ್ಡ್‌ನ ಅಭ್ಯಾಸ ಪರೀಕ್ಷೆಗಳು ಉಚಿತ, ಯಾರು ಬೇಕಾದರೂ ತೆರೆಯಬಹುದು. ಒಂದು ಶನಿವಾರ ಮಗುವಿನ ಪಕ್ಕ ಕೂತು ತೆರೆಯಿರಿ. ಸಾಲಿಗೆ ಬಣ್ಣ ಹಚ್ಚುವುದು, ತಪ್ಪು ಆಯ್ಕೆಗೆ ಗೆರೆ ಹೊಡೆಯುವುದು, ಭಿನ್ನರಾಶಿ ಟೈಪ್ ಮಾಡುವುದು, ಚುಕ್ಕಿ ಎಳೆದು ಸಂಖ್ಯಾರೇಖೆಯ ಮೇಲೆ ಇಡುವುದು. ಲೆಕ್ಕ ಗೊತ್ತಿದ್ದೂ ಭಿನ್ನರಾಶಿ ಹೇಗೆ ಒತ್ತಬೇಕು ಗೊತ್ತಾಗದೆ ಸಿಕ್ಕಿಕೊಳ್ಳುವ ಮಕ್ಕಳಿದ್ದಾರೆ. ಟೈಪಿಂಗ್ ಕೂಡ ಮುಖ್ಯ. ಒಂದು ಪುಟ ಬರೆಯಬೇಕಾದಾಗ ಒಂದೊಂದೇ ಅಕ್ಷರ ಹುಡುಕುವ ಮಗು ಹೇಳಬೇಕಾದ್ದನ್ನೇ ಮರೆತುಬಿಡುತ್ತದೆ. ಮೂರರಿಂದ ಐದನೇ ಗ್ರೇಡಿಗೆ ಕ್ಯಾಲ್ಕುಲೇಟರ್ ಇಲ್ಲ. ಆರರಿಂದ ಕೆಲವು ಭಾಗಗಳಿಗೆ ಪರದೆಯ ಮೇಲೇ ಒಂದು ಸಿಗುತ್ತದೆ, ಅದನ್ನೂ ಒಮ್ಮೆ ಬಳಸಿ ನೋಡಲಿ.

ಎರಡು, ‘ಯಾವ ಸಾಲಿನಿಂದ ಗೊತ್ತಾಯಿತು?’ ಎನ್ನುವ ಪ್ರಶ್ನೆ. ಊರಿನ ಶಾಲೆಯಿಂದ ಬಂದ ಮಕ್ಕಳಿಗೆ ಹೊಸದಾಗಿ ಕಾಣುವುದು ಇದೇ. ಇಲ್ಲಿ ಮೊದಲ ಭಾಗದಲ್ಲಿ ಪ್ರಶ್ನೆ, ಎರಡನೆಯ ಭಾಗದಲ್ಲಿ ‘ನಿನ್ನ ಉತ್ತರಕ್ಕೆ ಆಧಾರವಾದ ವಾಕ್ಯ ಆರಿಸು’ ಎಂದು ಬರುತ್ತದೆ. ಇದನ್ನು ಕಲಿಸಲು ಇಂಗ್ಲಿಷ್ ಪುಸ್ತಕವೇ ಬೇಕೆಂದಿಲ್ಲ. ರಾತ್ರಿ ಮಲಗಿಸುವಾಗ ಹಸು ಮತ್ತು ಹುಲಿಯ ಕಥೆ ಹೇಳಿ. ‘ಹುಲಿ ಮನಸ್ಸು ಯಾಕೆ ಬದಲಾಯಿಸಿತು? ಕಥೆಯ ಯಾವ ಮಾತಿನಿಂದ ನಿನಗೆ ಹಾಗನ್ನಿಸಿತು?’ ಎಂದು ಕೇಳಿ. ಕನ್ನಡದಲ್ಲಿ ಕಾರಣ ಹುಡುಕಲು ಕಲಿತ ಮಗು ಇಂಗ್ಲಿಷಿನಲ್ಲೂ ಹುಡುಕುತ್ತದೆ. ಯೋಚಿಸುವ ಅಭ್ಯಾಸಕ್ಕೆ ಭಾಷೆಯ ಬೇಲಿ ಇಲ್ಲ. ಗಣಿತದ ಪರೀಕ್ಷೆಯಲ್ಲಿ ಇಂಗ್ಲಿಷ್ ಕಲಿಯುವವರಿಗೆ ಕಷ್ಟ ಪದಗಳ ಅರ್ಥ ಕೆಲವು ಭಾಷೆಗಳಲ್ಲಿ ಸಿಗುತ್ತದೆ. ಪಂಜಾಬಿ ಆ ಪಟ್ಟಿಯಲ್ಲಿದೆ, ಕನ್ನಡ ಇಲ್ಲ. ಆ ಕೊರತೆಯನ್ನು ಮನೆಯಲ್ಲೇ ತುಂಬಬೇಕು.

ಮೂರು, ಹೊಸದಾಗಿ ಬಂದವರಿಗೆ ಮಾತ್ರ: ಅಳತೆಗಳು. ಇಂಚು, ಅಡಿ, ಪೌಂಡು, ಔನ್ಸು, ಕಪ್ಪು, ಗ್ಯಾಲನ್ನು. ಬೆಂಗಳೂರಿನಲ್ಲಿ ಗಣಿತದಲ್ಲಿ ಮೊದಲಿಗನಾಗಿದ್ದ ಮಗು ಒಂದು ಅಡಿಗೆ ಎಷ್ಟು ಇಂಚು ಎಂದು ಗೊತ್ತಿಲ್ಲದೆ ತಪ್ಪು ಮಾಡುತ್ತದೆ. ಅಡುಗೆಮನೆಯಲ್ಲಿ ಹಾಲಿನ ಕ್ಯಾನು, ಅಳತೆಯ ಕಪ್ಪು ಕೈಗೆ ಕೊಟ್ಟರೆ ಒಂದು ವಾರದಲ್ಲಿ ಬರುತ್ತದೆ.

ಇದಿಷ್ಟರ ಜೊತೆ ಮಗುವಿಗೆ ಒಂದು ಮಾತು ಮೊದಲೇ ಹೇಳಿ. ಸ್ಮಾರ್ಟರ್ ಬ್ಯಾಲೆನ್ಸ್ಡ್ ಪರೀಕ್ಷೆಯ ಮುಖ್ಯ ಭಾಗ ಮಗುವಿನ ಉತ್ತರ ನೋಡಿ ಮುಂದಿನ ಪ್ರಶ್ನೆಗಳನ್ನು ಆರಿಸುತ್ತದೆ. ಸರಿ ಮಾಡುತ್ತಾ ಹೋದರೆ ಕಷ್ಟದ ಪ್ರಶ್ನೆ, ತಪ್ಪಿದರೆ ಸುಲಭದ್ದು. ಅಂದರೆ ಚೆನ್ನಾಗಿ ಮಾಡುತ್ತಿರುವ ಮಗುವಿಗೇ ಪರೀಕ್ಷೆ ಕಷ್ಟ ಅನ್ನಿಸುತ್ತದೆ. ನನ್ನ ಮಗ ಐದನೇ ಗ್ರೇಡಿನಲ್ಲಿ ಮೊದಲ ದಿನ ಅಳುತ್ತಾ ಬಂದ. ‘ನನಗೆ ಕಲಿಸದೇ ಇದ್ದದ್ದೆಲ್ಲ ಕೇಳಿದರು ಅಮ್ಮಾ’ ಅಂದ. ಅವನಿಗೆ ಇದನ್ನು ಮೊದಲೇ ಹೇಳಿರಲಿಲ್ಲ ನಾನು. ಹೇಳಿದ್ದರೆ ಆ ಕಣ್ಣೀರು ತಪ್ಪುತ್ತಿತ್ತು.

ಹೆಜ್ಜೆ 5: ಪರೀಕ್ಷೆಯ ವಾರ

ಬಹಳ ಶಾಲೆಗಳಲ್ಲಿ ಇದು ಏಪ್ರಿಲ್–ಮೇ ತಿಂಗಳಲ್ಲಿ, ಹಲವು ದಿನಗಳಿಗೆ ಹಂಚಿ ನಡೆಯುತ್ತದೆ. ಆ ವಾರ ದಂತವೈದ್ಯರ ಅಪಾಯಿಂಟ್‌ಮೆಂಟ್ ಇಟ್ಟುಕೊಳ್ಳಬೇಡಿ. ಬೇಗ ಮಲಗಿಸಿ. ಬೆಳಗ್ಗೆ ಹೊಟ್ಟೆ ತುಂಬುವ ತಿಂಡಿ ಕೊಡಿ, ನಮ್ಮ ಮನೆಯಲ್ಲಿ ಉಪ್ಪಿಟ್ಟು. ಕ್ಯಾಲಿಫೋರ್ನಿಯಾದ ಪರೀಕ್ಷೆಗೆ ಕಾಲಮಿತಿ ಇಲ್ಲ. ‘ಬೇಗ ಮುಗಿಸು’ ಅನ್ನದೆ ‘ನಿಧಾನವಾಗಿ ಓದು’ ಎಂದಷ್ಟೇ ಹೇಳಿ ಕಳಿಸಿ.

ಹೆಜ್ಜೆ 6: ವರದಿ ಓದುವುದು

ವರದಿ ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲೋ ಶಾಲೆ ಮತ್ತೆ ಶುರುವಾಗುವ ಹೊತ್ತಿಗೋ ಪೋಷಕರ ಪೋರ್ಟಲ್‌ಗೆ ಬರುತ್ತದೆ. ಅದನ್ನು ಮಗುವಿನ ಎದುರು ತೆರೆಯುವ ಮೊದಲು ನೀವೊಬ್ಬರೇ ಒಮ್ಮೆ ಓದಿ.

ಅಮ್ಮನ ಪ್ರಶ್ನೆಗೆ ಈಗ ಉತ್ತರ ಕೊಡುತ್ತೇನೆ. ಸ್ಮಾರ್ಟರ್ ಬ್ಯಾಲೆನ್ಸ್ಡ್ ಸ್ಕೋರು ಸುಮಾರು 2000ದಿಂದ 3000ದ ಒಳಗಿನ ಒಂದು ಮಾಪನ. ಅದು ಶೇಕಡಾ ಅಲ್ಲ. ಮೂರನೇ ಗ್ರೇಡಿನಿಂದ ಮುಂದಕ್ಕೂ ಅದೇ ಮಾಪನ ಸಾಗುತ್ತದೆ. ಪ್ರತಿ ಗ್ರೇಡಿಗೆ ಮೂರು ಗಡಿಗಳಿವೆ, ಅವುಗಳಿಂದ ನಾಲ್ಕು ಲೆವೆಲ್ ಆಗುತ್ತವೆ. ಮೂರನೇ ಲೆವೆಲ್ ಮುಟ್ಟಿದರೆ ಆ ಗ್ರೇಡಿನ ಗುರಿ ಮುಟ್ಟಿದ ಹಾಗೆ. ಮೂರನೇ ಗ್ರೇಡಿನ ಇಂಗ್ಲಿಷಿಗೆ ಆ ಗಡಿಗಳು 2367, 2432, 2490. ನನ್ನ ಮಗಳ 2451 ಮೂರನೇ ಲೆವೆಲ್ಲಿನಲ್ಲಿ ಬಿತ್ತು. ಸಮಾಧಾನ ಆಯಿತು.

ಮುಂದಿನ ವರ್ಷ ನಾಲ್ಕನೇ ಗ್ರೇಡಿನಲ್ಲಿ 2468 ಬಂತು. ಹದಿನೇಳು ಅಂಕ ಜಾಸ್ತಿ. ಆದರೆ ಲೆವೆಲ್ ಎರಡಕ್ಕೆ ಇಳಿದಿತ್ತು! ಕಾರಣ, ನಾಲ್ಕನೇ ಗ್ರೇಡಿನಲ್ಲಿ ಮೂರನೇ ಲೆವೆಲ್ಲಿನ ಗಡಿ 2432ರಿಂದ 2473ಕ್ಕೆ ಏರುತ್ತದೆ. ಮಗು ಮುಂದೆ ನಡೆದಿದೆ, ಗೆರೆ ಅವಳಿಗಿಂತ ವೇಗವಾಗಿ ನಡೆದಿದೆ. ಬರೀ ಲೆವೆಲ್ ನೋಡಿದವರಿಗೆ ‘ಹಿಂದೆ ಬಿದ್ದಳು’ ಅನ್ನಿಸುತ್ತದೆ. ಬರೀ ಸ್ಕೋರು ನೋಡಿದವರಿಗೆ ‘ಮೇಲೆ ಹೋದಳು’ ಅನ್ನಿಸುತ್ತದೆ. ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ನಿಜ ಕಾಣುತ್ತದೆ: ಅವಳು ಕಲಿಯುತ್ತಿದ್ದಾಳೆ, ಆದರೆ ಒಂದು ವರ್ಷಕ್ಕೆ ಬೇಕಾದಷ್ಟಲ್ಲ.

ಗಡಿಯ ಹತ್ತಿರದ ನಾಲ್ಕೈದು ಅಂಕಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದೇ ಮಗು ಅದೇ ವಾರ ಮತ್ತೆ ಬರೆದರೂ ಸ್ಕೋರು ಸ್ವಲ್ಪ ಆಚೀಚೆ ಆಗುತ್ತದೆ. ಯಾವ ಅಳತೆಯಲ್ಲೂ ಅಷ್ಟು ವ್ಯತ್ಯಾಸ ಇದ್ದದ್ದೇ. 2468ಕ್ಕೂ 2473ಕ್ಕೂ ನಡುವೆ ಇದ್ದದ್ದು ಒಂದೆರಡು ಪ್ರಶ್ನೆಯ ಅದೃಷ್ಟವೂ ಆಗಿರಬಹುದು.

ಆಮೇಲೆ ವಿಭಾಗಗಳಿಗೆ ಬನ್ನಿ. ಇಂಗ್ಲಿಷಿನಲ್ಲಿ ಓದು, ಬರವಣಿಗೆ, ಕೇಳಿ ಅರ್ಥಮಾಡಿಕೊಳ್ಳುವುದು, ಮಾಹಿತಿ ಹುಡುಕುವುದು. ಗಣಿತದಲ್ಲಿ ಲೆಕ್ಕದ ವಿಧಾನ, ಸಮಸ್ಯೆ ಬಿಡಿಸುವುದು, ತನ್ನ ತರ್ಕ ವಿವರಿಸುವುದು. ವರದಿಯಲ್ಲಿ ಇವನ್ನು ಕೆಲವೊಮ್ಮೆ ಒಟ್ಟುಗೂಡಿಸಿ ತೋರಿಸಿರುತ್ತಾರೆ. ನಾನು ನೋಡಿದ ನಮ್ಮ ಮಕ್ಕಳ ವರದಿಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಬರುತ್ತದೆ: ಲೆಕ್ಕ ಬಲು ಚೆನ್ನ, ವಿವರಣೆ ದುರ್ಬಲ. ಉತ್ತರ ಬಂತಲ್ಲ, ಇನ್ನೇನು ಬರೆಯುವುದು ಎಂದು ಮಕ್ಕಳು ಕೇಳುತ್ತಾರೆ. ಅಂಥ ಮಗುವಿಗೆ ಇನ್ನೊಂದು ವರ್ಕ್‌ಬುಕ್ ತರಬೇಡಿ. ಮಾಡಿದ ಒಂದೇ ಲೆಕ್ಕವನ್ನು ಅಜ್ಜನಿಗೆ ಫೋನಿನಲ್ಲಿ ವಿವರಿಸಲು ಹೇಳಿ. ಅಜ್ಜ ‘ಯಾಕೆ?’ ಎಂದು ಕೇಳುತ್ತಲೇ ಇರಲಿ.

ಬೇರೆ ರಾಜ್ಯದವರಿಗೆ ಸಂಖ್ಯೆಗಳು ಬೇರೆ, ಓದುವ ರೀತಿ ಒಂದೇ. ನ್ಯೂಜೆರ್ಸಿಯಲ್ಲಿ 650ರಿಂದ 850ರ ಮಾಪನ, 750 ಬಂದರೆ ಗುರಿ ಮುಟ್ಟಿದ ಹಾಗೆ. ಮ್ಯಾಸಚೂಸೆಟ್ಸ್‌ನಲ್ಲಿ 440ರಿಂದ 560, ಅಲ್ಲಿ ಗೆರೆ 500. ಟೆಕ್ಸಾಸ್‌ನ ಸ್ಟಾರ್‌ನಲ್ಲಿ ನಾಲ್ಕು ಲೆವೆಲ್ ಇವೆ. ಅಲ್ಲಿ ‘ಅಪ್ರೋಚಸ್’ ಅಂದರೆ ಪಾಸು, ಆದರೆ ಗ್ರೇಡಿನ ಮಟ್ಟ ಅನ್ನಬೇಕಾದರೆ ‘ಮೀಟ್ಸ್’ ಬೇಕು. ಈ ಎರಡು ಪದಗಳ ನಡುವೆ ಎಷ್ಟೋ ಮನೆಗಳು ಮೋಸ ಹೋಗಿವೆ. ನ್ಯೂಜೆರ್ಸಿಯ ಅಣ್ಣನ ಮಗನ 760ನ್ನು ನಿಮ್ಮ ಮಗಳ 2500ರ ಜೊತೆ ಹೋಲಿಸಲು ಆಗುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಹೋಲಿಸಿದರೆ ಮೆಲ್ಲಗೆ ತಿಳಿಸಿ ಹೇಳಿ.

ಹೆಜ್ಜೆ 7: ಟೀಚರ್ ಜೊತೆ ಕೂರುವುದು

ವರದಿ ಹಿಡಿದುಕೊಂಡು ಹೊಸ ವರ್ಷದ ಮೊದಲ ಭೇಟಿಗೆ ಹೋಗಿ. ಮೂರು ಪ್ರಶ್ನೆ ಸಾಕು. ತರಗತಿಯಲ್ಲಿ ನಿಮಗೆ ಕಾಣುತ್ತಿರುವುದೂ ಈ ವರದಿ ಹೇಳುವುದೂ ಹೊಂದುತ್ತಿದೆಯಾ? ಹೊಂದದಿದ್ದರೆ ಯಾಕಿರಬಹುದು? ಮನೆಯಲ್ಲಿ ವಾರಕ್ಕೆ ಒಂದೇ ಒಂದು ಕೆಲಸ ಮಾಡುವುದಾದರೆ ಏನು ಮಾಡಲಿ?

ಮಗಳ ಟೀಚರ್ ಮೂರನೆಯ ಪ್ರಶ್ನೆಗೆ ಕೊಟ್ಟ ಉತ್ತರ ನನಗೆ ಇಂದಿಗೂ ನೆನಪಿದೆ. ‘ಅವಳು ಕಥೆ ಚೆನ್ನಾಗಿ ಓದುತ್ತಾಳೆ. ಮಾಹಿತಿ ಇರುವ ಬರಹ ಕಂಡರೆ ಪುಟ ಹಾರಿಸುತ್ತಾಳೆ. ಜ್ವಾಲಾಮುಖಿಯೋ ತಿಮಿಂಗಿಲವೋ, ಅವಳಿಗೆ ಇಷ್ಟವಾದ ಒಂದು ಪುಸ್ತಕ ತನ್ನಿ’ ಅಂದರು. ಪಬ್ಲಿಕ್ ಲೈಬ್ರರಿಯಿಂದ ತಿಮಿಂಗಿಲದ ಪುಸ್ತಕಗಳೇ ಬರತೊಡಗಿದವು. ದುಡ್ಡು ಒಂದು ಸೆಂಟೂ ಖರ್ಚಾಗಲಿಲ್ಲ. ಎರಡು ಸಾವಿರದ ಚಿಲ್ಲರೆ ಸಂಖ್ಯೆ ನೋಡಿ ಕೋಚಿಂಗ್ ಸೇರಿಸಿದ್ದರೆ ಈ ವಿಷಯ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮನೆ ಕೊಳ್ಳಲು ಊರು ಹುಡುಕುತ್ತಿರುವವರಿಗೂ ಒಂದು ಮಾತು. ನಮ್ಮವರು ಶಾಲೆಯ ರೇಟಿಂಗ್ 10ಕ್ಕೆ 9 ಇದೆಯಾ ಎಂದು ನೋಡಿಯೇ ಬೀದಿ ಆರಿಸುತ್ತಾರೆ. ಆ ರೇಟಿಂಗ್‌ಗಳಲ್ಲಿ ಈ ಪರೀಕ್ಷೆಯ ಸ್ಕೋರೂ ಒಂದು ಭಾಗ. ಶಾಲೆಯ ಸರಾಸರಿ ಸ್ಕೋರು ಅಲ್ಲಿನ ಮನೆಗಳ ಆದಾಯವನ್ನೂ ಹೇಳುತ್ತದೆ, ಕಲಿಸುವ ರೀತಿಯನ್ನಷ್ಟೇ ಅಲ್ಲ. ಅದರ ಬದಲು ಮಕ್ಕಳು ಒಂದು ವರ್ಷದಿಂದ ಇನ್ನೊಂದಕ್ಕೆ ಎಷ್ಟು ಬೆಳೆದರು ಎನ್ನುವ ಅಂಕಿ ಸಿಕ್ಕರೆ ಅದನ್ನು ನೋಡಿ. ಶಾಲೆಗೆ ಹೋಗಿ ಒಂದು ಸುತ್ತು ಬನ್ನಿ.

ವರದಿಗಳನ್ನೆಲ್ಲ ಡೌನ್‌ಲೋಡ್ ಮಾಡಿ ಒಂದು ಫೋಲ್ಡರಿನಲ್ಲಿ ಇಡಿ. ರಾಜ್ಯ ಬದಲಿಸಿದರೆ ಹಳೆಯ ಪೋರ್ಟಲ್ ಮತ್ತೆ ತೆರೆಯದೇ ಇರಬಹುದು, ಹೊಸ ಶಾಲೆ ಮಗುವನ್ನು ಯಾವ ಗಣಿತದ ತರಗತಿಗೆ ಹಾಕಬೇಕು ಎಂದು ಕೇಳಿದಾಗ ನಿಮ್ಮ ಕೈಯಲ್ಲಿ ಈ ಕಾಗದ ಇರಬೇಕು. ಜೊತೆಗೆ ಆ ವರ್ಷದ ರಿಪೋರ್ಟ್ ಕಾರ್ಡ್ ಮತ್ತು, ಇದ್ದರೆ, ಐಇಪಿಯ ಪ್ರತಿ.